ನನ್ನ ತೋಳು, ಅಕ್ಕನ ಬುತ್ತಿ

ರಕ್ತದ ರಿಪೋರ್ಟ್ ಕೆಟ್ಟದ್ದೇ ಬರಲಿ ಎಂದು ದೇವರಿಗೆ ಕೈಮುಗಿದ ಹೆಂಗಸು ನಾನೊಬ್ಬಳೇ ಇರಬೇಕು. ಪುಣೆ ಬದಿಯ ಚಿಂಚವಡದ ಒಂದು ಲ್ಯಾಬಿನ ಕುರ್ಚಿಯಲ್ಲಿ, ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡು ಕೂತು ನಾನು ಬೇಡಿದ್ದು ಅದನ್ನೇ. ಏನಾದರೊಂದು ಸಿಗಲಿ. ಉರಿಯೂತ ಇದೆ ಎಂದು ಬರೆದಿರಲಿ. ಯಾವುದಾದರೂ ಒಂದು ಅಂಕಿ ದಪ್ಪ ಅಕ್ಷರದಲ್ಲಿರಲಿ, ಅದನ್ನು ಎಲ್ಲರ ಮುಂದೆ ಹಿಡಿದು ತೋರಿಸಿ ಆಮೇಲೆ ಹಾಯಾಗಿ ಮಲಗಿಬಿಡುತ್ತೇನೆ.

ಸಂಜೆ ರಿಪೋರ್ಟ್ ಬಂತು. ಇಎಸ್‌ಆರ್ ಸರಿ, ಸಿಆರ್‌ಪಿ ಸರಿ, ಥೈರಾಯ್ಡ್ ಸರಿ, ಎಲ್ಲವೂ ಸರಿ. ನನ್ನವರು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಕಂಪನಿಯ ಅಕೌಂಟ್ಸ್ ಆಫೀಸಿನಲ್ಲಿ ಜೀವಮಾನ ಕಳೆದವರು, ಅಂಕಿ ಎಂದರೆ ಅವರಿಗೆ ಸತ್ಯ. "ಎಲ್ಲಾ ಛಲೋ ಅದ, ನೀ ಸುಮ್ಮನ ಅಂಜಿದ್ದಿ" ಎಂದು ಹೊರಗೆ ಹೋಗಿ ಬಿಸಿ ಜಿಲೇಬಿ ಕಟ್ಟಿಸಿಕೊಂಡು ಬಂದರು. ನಾನು ಅತ್ತೆ. ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡು ಅವರೇ ಒಂದು ಜಿಲೇಬಿ ನನ್ನ ಬಾಯಿಗಿಟ್ಟರು. ನನ್ನ ರಕ್ತವೇ ನನ್ನ ವಿರುದ್ಧ ಸಾಕ್ಷಿ ಹೇಳಿ ಬಂದಿತ್ತು.

ಅಷ್ಟು ಹೊತ್ತಿಗೆ ನೋವು ನನ್ನ ಮೈಯನ್ನು ಪೂರ್ತಿ ತನ್ನದು ಮಾಡಿಕೊಂಡಿತ್ತು. ಬೆಳಿಗ್ಗೆ ಎದ್ದರೆ ರಾತ್ರಿಯೆಲ್ಲ ಯಾರೋ ಬಡಿದು ಹಾಕಿದಂತೆ ಹೆಗಲು, ಸೊಂಟ, ತೊಡೆ. ನಿದ್ದೆ ಮಾಡಿದರೂ ಮಾಡಿದ ಹಾಗಿಲ್ಲ. ಆಕುರ್ಡಿಯ ಶಾಲೆಯೊಂದರ ಆಫೀಸಿನಲ್ಲಿ ನನ್ನ ಕೆಲಸ. ಕುರ್ಚಿಯಿಂದ ಎದ್ದು ಕಪಾಟಿನ ತನಕ ಹೋಗಿ ಬರುವಷ್ಟರಲ್ಲಿ ಏಕೆ ಎದ್ದೆ ಎಂಬುದೇ ಮರೆತುಹೋಗಿರುತ್ತಿತ್ತು. ಕೈಯಲ್ಲಿ ಬಾವಿಲ್ಲ, ಕಾಲಲ್ಲಿ ಕೆಂಪಿಲ್ಲ. ನೋಡುವವರ ಕಣ್ಣಿಗೆ ಗುಂಡುಕಲ್ಲಿನಂಥ ಹೆಂಗಸು.

ಕೀಲುಬೇನೆಯ ಡಾಕ್ಟರು ಮಾತ್ರ ರಿಪೋರ್ಟನ್ನು ಪಕ್ಕಕ್ಕಿಟ್ಟು ನನ್ನನ್ನೇ ನೋಡಿದರು. ಕುತ್ತಿಗೆ, ಹೆಗಲು, ಮೊಣಕೈ ಒತ್ತಿದರು. ಒತ್ತಿದಲ್ಲೆಲ್ಲ ನನ್ನ ಕಣ್ಣಲ್ಲಿ ನೀರು. ಇದಕ್ಕೆ ಫೈಬ್ರೊಮಯಾಲ್ಜಿಯಾ ಅನ್ನುತ್ತಾರೆ, ಇದರಲ್ಲಿ ಸಾಮಾನ್ಯವಾಗಿ ಮಾಡುವ ರಕ್ತದ ಪರೀಕ್ಷೆಗಳು ಹೆಚ್ಚಾಗಿ ಸರಿಯಾಗೇ ಬರುತ್ತವೆ, ಬೇರೆ ಕಾಯಿಲೆ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ ಅವು, ನಿಮ್ಮ ನೋವು ನಿಜವಾದದ್ದು ಎಂದು ಹಿಂದಿಯಲ್ಲಿ ಹೇಳಿದರು. ನನ್ನವರು ಗೋಣು ಆಡಿಸಿದರು. ಮನೆಗೆ ಬಂದ ಮೇಲೆ ಪಕ್ಕದ ಮನೆಯವರು ಕೇಳಿದ್ದಕ್ಕೆ "ವಾತ ಅಂತ" ಎಂದರು. ಕೆಟ್ಟ ಮನುಷ್ಯರಲ್ಲ. ಹೆಸರು ನಾಲಿಗೆಗೆ ಹೊರಳಲಿಲ್ಲ, ರಿಪೋರ್ಟಿನಲ್ಲಿ ಇಲ್ಲದ್ದನ್ನು ಹೇಗೆ ಹೇಳುವುದು ಎಂಬುದೂ ಅವರಿಗೆ ತಿಳಿಯಲಿಲ್ಲ.

ಆಗ ನನ್ನನ್ನು ನಂಬಿದವಳು ಅಕ್ಕ ಒಬ್ಬಳೇ.

ಅಕ್ಕ ನನಗಿಂತ ಮೊದಲು ಮದುವೆಯಾಗಿ ಪುಣೆಗೆ ಬಂದವಳು. ಆಮೇಲೆ ನನ್ನ ಸಂಬಂಧವನ್ನೂ ಇಲ್ಲೇ ಕುದುರಿಸಿ ನಿಗಡಿಯಲ್ಲಿ ತನ್ನ ಮನೆಯ ಹಿಂದಿನ ಓಣಿಗೇ ತಂದು ಇಟ್ಟಳು. ವಿಜಯಪುರದ ಕಡೆಯ ನಮ್ಮ ತವರಿನಲ್ಲಿ ಈಗ ಯಾರೂ ಇಲ್ಲ. ಅವ್ವ ಹೋದ ಮೇಲೆ ನನಗೆ ತವರು ಅಂದರೆ ಅಕ್ಕನ ಅಡುಗೆಮನೆ. ನೋವು ಹೆಚ್ಚಾದ ದಿನ ಅವಳು ಉಪ್ಪಿನ ಗಂಟು ಬಿಸಿ ಮಾಡಿ ತಂದು ಬೆನ್ನಿಗೆ ಇಡುತ್ತಿದ್ದಳು. "ಯಾರ್ ಏನರ ಅನ್ಲಿ, ನಾ ನಿನ್ನ ನಂಬ್ತೀನಿ" ಎನ್ನುತ್ತಿದ್ದಳು. ಆ ಒಂದು ಮಾತಿಗೆ ನಾನು ಅವಳ ಕಾಲು ಹಿಡಿಯಲಿಕ್ಕೂ ತಯಾರಿದ್ದೆ. ಗುಳಿಗೆ ಎಲ್ಲರೂ ಕೊಡುತ್ತಾರೆ. ನಂಬಿಕೆ ಕೊಡುವವರು ಸಿಗಬೇಕಲ್ಲ.

ಡಾಕ್ಟರು ಗುಳಿಗೆಯ ಜೊತೆಗೆ ವ್ಯಾಯಾಮ ಬರೆದರು. ನನಗೆ ಸಿಟ್ಟು ನೆತ್ತಿಗೇರಿತು. ಸೆರಗು ತಾಗಿದರೆ ಹೆಗಲು ಉರಿಯುವವಳಿಗೆ ಕೈ ಎತ್ತು, ಇಳಿಸು ಎನ್ನುತ್ತಾರಲ್ಲ, ಇವರೂ ನನ್ನನ್ನು ಸೋಮಾರಿ ಅಂದುಕೊಂಡರೇನೋ ಅನಿಸಿತು. ಅಕ್ಕನೇ ಸಮಾಧಾನ ಮಾಡಿ ಕರೆದುಕೊಂಡು ಹೋದಳು. ನನ್ನವರಿಗೆ ಆಫೀಸು, ನನಗೆ ಒಬ್ಬಳೇ ರಿಕ್ಷಾ ಹತ್ತಿ ಇಳಿಯುವ ಧೈರ್ಯವಿರಲಿಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲೆ ಅಕ್ಕ ಬಂದು ನಿಲ್ಲುವುದು, ಇಬ್ಬರೂ ಕೂಡಿ ಹೋಗುವುದು ರೂಢಿಯಾಯಿತು.

ವ್ಯಾಯಾಮ ಹೇಳಿಕೊಡುವ ಡಾಕ್ಟರ್ ಬಾಯಿ ಮರಾಠಿ ಹುಡುಗಿ, ಇನ್ನೂ ಮದುವೆಯಾಗದವಳು. ಮೊದಲ ದಿನ ಅವಳು ಮಾಡಿಸಿದ್ದನ್ನು ಕಂಡು ನಗು ಬಂತು. ಗೋಡೆ ಹಿಡಿದು ನಿಲ್ಲು, ಹಿಮ್ಮಡಿ ಎತ್ತು, ಇಳಿಸು. ಕುರ್ಚಿಯಿಂದ ಏಳು, ಕೂಡು. ಆ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆ. ಇಷ್ಟಕ್ಕೆ ಇವಳು ಕಾಲೇಜು ಓದಿದಳೇ ಎಂದುಕೊಂಡೆ. ಮರುದಿನ ಅಷ್ಟಕ್ಕೇ ಮೈ ಕಿರುಗುಟ್ಟಿತು.

ಅವಳ ನಿಯಮ ಒಂದೇ. ಅದನ್ನು ಹೋದಾಗಲೆಲ್ಲ ಹೇಳುತ್ತಿದ್ದಳು: "ಬರಂ ವಾಟಲಂ ತರೀ ತೇವಢಂಚ, ತಾಈ." ಚೆನ್ನಾಗಿದೆ ಅನಿಸಿದರೂ ಅಷ್ಟೇ ಮಾಡಬೇಕು. ನೋವಿರುವ ದಿನ ಪೂರ್ತಿ ಬಿಡಬಾರದು, ನೋವಿಲ್ಲದ ದಿನ ಹುಮ್ಮಸ್ಸಿನಲ್ಲಿ ಹೆಚ್ಚು ಮಾಡಬಾರದು. ಚೆನ್ನಾಗಿದ್ದ ದಿನ ಬಾಕಿ ಕೆಲಸವನ್ನೆಲ್ಲ ಬಾಚಿ ಮಾಡಿ ಆಮೇಲೆ ಹಾಸಿಗೆ ಹಿಡಿಯುವುದೇ ಈ ಕಾಯಿಲೆಯವರು ಮಾಡುವ ತಪ್ಪು ಎಂದಳು. ನಮ್ಮ ಕಡೆಯ ಹೆಂಗಸರಿಗೆ ಇದಕ್ಕಿಂತ ಕಷ್ಟದ ನಿಯಮ ಇರಲಿಕ್ಕಿಲ್ಲ. ಕೈಯಲ್ಲಿ ಶಕ್ತಿ ಇದ್ದೂ ಕೂಡುವುದು ನಮಗೆ ಯಾರೂ ಕಲಿಸಿಲ್ಲ.

ಈ ವ್ಯಾಯಾಮದಿಂದ ಒಳಗಿನ ಉರಿಯೂತ ಕಡಿಮೆಯಾಗುತ್ತದೆಯೇ ಎಂದು ಒಮ್ಮೆ ಕೇಳಿದೆ. ರಿಪೋರ್ಟಿನ ಆಸೆ ನನಗಿನ್ನೂ ಹೋಗಿರಲಿಲ್ಲ. ಅವಳು ಸುಳ್ಳು ಹೇಳಲಿಲ್ಲ. ರಕ್ತದಲ್ಲಿರುವ ಬೇರೆ ಸಣ್ಣ ಸಣ್ಣ ಅಂಶಗಳನ್ನು ಅಳೆದು ನೋಡುವವರು ಇದ್ದಾರೆ, ವ್ಯಾಯಾಮದಿಂದ ಅವು ಬದಲಾಗುತ್ತವೆ ಎಂದು ಕೆಲವರು ಹೇಳುತ್ತಾರೆ, ಇಲ್ಲ ಎಂದು ಕೆಲವರು, ಇನ್ನೂ ಯಾರೂ ಗಟ್ಟಿಯಾಗಿ ಹೇಳುವ ಸ್ಥಿತಿಯಲ್ಲಿಲ್ಲ ಎಂದಳು. "ಆದರೆ ನೋವು ಇಳಿಯೋದನ್ನ ನೋಡಿದ್ದೀನಿ. ನಿದ್ದೆ ಬರೋದನ್ನ ನೋಡಿದ್ದೀನಿ. ರಿಪೋರ್ಟನ್ನ ಬಿಟ್ಟುಬಿಡಿ, ತಾಈ" ಎಂದು ಮರಾಠಿಯಲ್ಲಿ ಹೇಳಿ ನನ್ನ ಕೈಗೆ ರಬ್ಬರಿನ ಪಟ್ಟಿ ಕೊಟ್ಟಳು.

ಹೋಗ್ತಾ ಹೋಗ್ತಾ ನಿಜಕ್ಕೂ ಹಗುರಾಯಿತು. ಒಂದು ಸಂಜೆ ಆ ಪಟ್ಟಿಯನ್ನು ಎಳೆಯುತ್ತ ಎರಡೂ ಕೈ ತಲೆಯ ಮೇಲೆ ಎತ್ತಿದೆ. ಕಿವಿಯ ಮಟ್ಟಕ್ಕೆ ನಿಲ್ಲುತ್ತಿದ್ದ ತೋಳು ಅಂದು ನೆಟ್ಟಗೆ ಮೇಲೆ ಹೋಯಿತು. ಬೆಂಚಿನ ಮೇಲೆ ಕೂತಿದ್ದ ಅಕ್ಕ ಚಪ್ಪಾಳೆ ತಟ್ಟಿದಳು. ಬರುವಾಗ ಇಬ್ಬರೂ ಭೇಳ್ ತಿಂದು ಬಂದೆವು. ನನ್ನ ತೋಳು ಎಷ್ಟು ಎತ್ತರ ಏಳುತ್ತದೆ ಎಂದು ನೋಡಿದ ಸಾಕ್ಷಿ ಅವಳು. ಆ ಸಾಕ್ಷಿಯ ಕೈಹಿಡಿದುಕೊಂಡೇ ನಾನು ಅಲ್ಲಿಗೆ ಹೋಗುತ್ತಿದ್ದೆ.

ಆ ಮಳೆಗಾಲದಲ್ಲಿ ಅಕ್ಕನ ಮಗಳಿಗೆ ಕುಬಸ, ಅಂದರೆ ಸೀಮಂತ, ನಿಶ್ಚಯವಾಯಿತು. ಶಿರೂರಿನಲ್ಲಿ ವ್ಯಾಪಾರ ಮಾಡಿಕೊಂಡಿರುವ ನಮ್ಮ ಕಡೆಯ ಮನೆತನಕ್ಕೇ ಅವಳನ್ನು ಕೊಟ್ಟಿದ್ದರು. ಬಸುರಿಗೆ ಕುಬಸ ಮಾಡುವುದು ಗಂಡನ ಮನೆಯಲ್ಲಾದರೂ ಬುತ್ತಿ ಹೋಗಬೇಕಾದ್ದು ತವರಿನಿಂದ. ಶೇಂಗಾ ಹೋಳಿಗೆ, ಕರ್ಚಿಕಾಯಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೊಸರು ಬುತ್ತಿ, ಎಲ್ಲಕ್ಕಿಂತ ಮುಖ್ಯ ಕಡಕ್ ರೊಟ್ಟಿ. ಬುತ್ತಿಯ ಗಂಟು ಬಿಚ್ಚಿದಾಗ ಬೀಗರ ಮನೆಯ ಹೆಂಗಸರು ಮೊದಲು ಎತ್ತಿ ನೋಡುವುದು ರೊಟ್ಟಿಯನ್ನೇ. ಎಷ್ಟು ಅಗಲ, ಎಷ್ಟು ತೆಳುವು, ಎಲ್ಲಾದರೂ ಹರಿದಿದೆಯೇ. ಅದರ ಮೇಲೆ ತವರಿನ ಹೆಂಗಸರ ಯೋಗ್ಯತೆ ತೀರ್ಮಾನವಾಗುತ್ತದೆ.

ನಮ್ಮ ಮನೆಯಲ್ಲಿ ರೊಟ್ಟಿ ಎಂದರೆ ನನ್ನ ಕೈ. ಇದನ್ನು ಜಂಬವಿಲ್ಲದೆ ಹೇಳಲು ಬರುವುದಿಲ್ಲ, ಜಂಬದಿಂದಲೇ ಹೇಳುತ್ತೇನೆ. ಅವ್ವ ಸಹ ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು. ನೋವು ಶುರುವಾದ ಮೇಲೆ ನಾನು ಕಳೆದುಕೊಂಡದ್ದರಲ್ಲಿ ಹೆಚ್ಚು ಅತ್ತದ್ದು ಅದಕ್ಕೇ. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ಅಂಗೈ ಬುಡದಿಂದ ನಾದುವುದು, ಹಲಗೆಯ ಮೇಲೆ ತಿರುಗಿಸುತ್ತ ಬಡಿಯುವುದು ಎಂದರೆ ಹೆಗಲಿನಿಂದ ಬೆರಳ ತುದಿಯ ತನಕ ಇಡೀ ತೋಳಿನ ಕೆಲಸ. ಮನೆಗೆ ಬೇಕಾದಷ್ಟು ರೊಟ್ಟಿಯನ್ನು ಆಕುರ್ಡಿಯ ರೊಟ್ಟಿ ಕೇಂದ್ರದಿಂದ ತರಿಸುತ್ತಿದ್ದೆವು.

ಬುತ್ತಿಗೂ ಅಲ್ಲಿಂದಲೇ ತರಿಸೋಣ ಎಂದು ನನ್ನವರು ಅಂದರು. ಅಕ್ಕ ಅವರ ಮುಖವನ್ನು ನೋಡಿದ ರೀತಿಗೆ ಅವರು ಪೇಪರ್ ತೆಗೆದು ಓದತೊಡಗಿದರು.

"ಅಕ್ಕ, ನನಗ ಬಡಿಯಾಕ ಆಗಂಗಿಲ್ಲ" ಎಂದು ನಾನು ಮೊದಲೇ ಹೇಳಿದೆ. "ಒಣಗಿಸ್ತೀನಿ, ಚಟ್ನಿ ಮಾಡ್ತೀನಿ, ಗಂಟು ಕಟ್ತೀನಿ."

"ನಂಗ ಗೊತ್ತಿಲ್ಲೇನ? ನೀ ಬರೇ ಬಂದು ಕುಂದರು. ಓಣಿ ಮಂದಿ ಎಲ್ಲಾ ಬರ್ತಾರ" ಎಂದಳು.

ಅವಳು ಹೇಳಿದಂತೆ ನಾನು ಬರೇ ಹೋಗಿ ಕೂತೆ. ನಮ್ಮ ಕಡೆಯ ಹೆಂಗಸರು ನಿಗಡಿಯಲ್ಲಿ ಸಾಕಷ್ಟಿದ್ದಾರೆ. ಬೆಳಿಗ್ಗೆ ಮನೆಕೆಲಸ ಮುಗಿಸಿ ತಮ್ಮ ತಮ್ಮ ಹಲಗೆ ಕಂಕುಳಲ್ಲಿಟ್ಟುಕೊಂಡು ಅಕ್ಕನ ಮನೆಗೆ ಬಂದರು. ಅಡುಗೆಮನೆಯಲ್ಲಿ ಟಪಟಪ ಶುರುವಾಯಿತು. ನಾನು ಒಳಕೋಣೆಯಲ್ಲಿದ್ದೆ. ಮಳೆಯಿಂದಾಗಿ ಬಿಸಿಲಿಲ್ಲ, ಹಾಗಾಗಿ ಮಂಚದ ಮೇಲೆ ಹಳೆಯ ಸೀರೆ ಹಾಸಿ, ಫ್ಯಾನು ಹಚ್ಚಿ, ಬಂದ ರೊಟ್ಟಿಯನ್ನು ಹರವುತ್ತ ಮಗುಚುತ್ತ ಇದ್ದೆ. ಆ ಸದ್ದು ಕೇಳುತ್ತ ಅಂಗೈ ತುರಿಸುತ್ತಿತ್ತು. ಅಂದು ನನಗೆ ಮೈ ಚೆನ್ನಾಗಿಯೂ ಇತ್ತು. ತೇವಢಂಚ, ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡು ಕೂತೆ.

ಕಲಬುರಗಿ ಕಡೆಯ ಹಿರಿಯ ಹೆಂಗಸೊಬ್ಬರು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಯಾಕ್ರಿ, ನಿಮ್ಮ ತಂಗಿ ಕೈ ರೊಟ್ಟಿ ಭಾಳ ತೆಳುವು ಅಂತಿದ್ರಿ. ಒಳಗ ಯಾಕ ಕುಂತಾರ?"

ಅಕ್ಕ ನಕ್ಕಳು. "ಏನ್ ಹೇಳ್ಲಿ ತಗೋರಿ. ರಕ್ತ ತಗಸ್ಯಾರ, ಎಕ್ಸ್‌ರೇ ತಗಸ್ಯಾರ. ಬಾವಿಲ್ಲ, ಉರಿಯೂತಿಲ್ಲ, ಏನಂದ್ರ ಏನೂ ಇಲ್ಲ. ರಬ್ಬರ್ ಪಟ್ಟಿ ಹಿಡಕೊಂಡು ಕೈ ಮ್ಯಾಲೆ ಕೆಳಗ ಮಾಡ್ತಾಳ, ನಾನೇ ಕುಂತು ನೋಡೀನಿ. ರೊಟ್ಟಿ ಅಂದ್ರ ಅಷ್ಟ ತೋಳು ನೋಯ್ತಾವ. ಸಣ್ಣಾಕಿ ಅಂತ ಮುದ್ದು ಮಾಡಿ ಬೆಳಸೀವಿ, ಮೊದಲಿಂದ ಸ್ವಲ್ಪ ಮೈಗಳ್ಳಿ."

ಎಲ್ಲರೂ ನಕ್ಕರು. ಅವರ ನಗುವಿನಲ್ಲಿ ವಿಷವಿರಲಿಲ್ಲ. ಮನೆಮಂದಿ ಮನೆಮಂದಿಯನ್ನು ಆಡಿಕೊಳ್ಳುವಾಗ ನಗುವ ನಗು ಅದು. ಅಕ್ಕ ಅಷ್ಟಕ್ಕೆ ನಿಲ್ಲಿಸಲಿಲ್ಲ. "ಆ ಡಾಕ್ಟರ್ ಬಾಯಿನೂ ಕೇಳೀನ್ರಿ. ಭಾಕರಿ ಬಡದ್ರ ಛಲೋನೇ, ಅದೂ ವ್ಯಾಯಾಮನೇ ಅಂದ್ಳು."

ಕೈಯಲ್ಲಿದ್ದ ರೊಟ್ಟಿ ಹಾಗೇ ಇತ್ತು. ನನ್ನ ಬೆನ್ನಿಗೆ ಉಪ್ಪಿನ ಗಂಟು ಇಟ್ಟವಳು, ಚಪ್ಪಾಳೆ ತಟ್ಟಿದವಳು, ನನ್ನ ಹಿಂದೆ ಹೋಗಿ ಆ ಹುಡುಗಿಯನ್ನು ವಿಚಾರಿಸಿ ಬಂದಿದ್ದಾಳೆ. ಬೆಂಚಿನ ಮೇಲೆ ಕೂತು ಅವಳು ನೋಡಿದ್ದೆಲ್ಲ ಇದಕ್ಕೇ ಏನು? ನಂಬಿಸಿ ಕತ್ತು ಕೊಯ್ಯುವುದು ಎಂದು ಜನ ಸುಮ್ಮನೆ ಆಡುತ್ತಿದ್ದ ಮಾತು ಅಂದು ನನ್ನ ಕೊರಳಿಗೇ ಬಂತು.

ಹೊರಗೆ ಬಂದೆ. "ಸ್ವಲ್ಪ ಸರೀರಿ" ಎಂದು ಆ ಹಿರಿಯರಿಗೆ ಹೇಳಿ ಅವರ ಹಲಗೆಯ ಮುಂದೆ ಕೂತೆ. ಹಿಟ್ಟು ತೆಗೆದುಕೊಂಡು ನಾದಿದೆ, ಉಂಡೆ ಮಾಡಿದೆ, ಬಡಿದೆ. ಮೊದಲ ರೊಟ್ಟಿ ಅಂಚಿನಲ್ಲಿ ಸ್ವಲ್ಪ ಬಿರಿಯಿತು. ಎರಡನೆಯದು ನನ್ನ ರೊಟ್ಟಿಯಾಗಿತ್ತು. ಹಂಚಿನ ಮೇಲೆ ಹಾಕಿ, ನೀರು ಸವರಿ, ಮಗುಚಿ, ಮತ್ತೆ ಹಿಟ್ಟಿಗೆ ಕೈ ಹಾಕಿದೆ. ಸಿಟ್ಟಿನಲ್ಲಿ ಶುರು ಮಾಡಿದ್ದು, ಆದರೆ ಸುಳ್ಳೇಕೆ ಹೇಳಲಿ, ನಡುವೆ ಒಂದಿಷ್ಟು ಹೊತ್ತು ಸುಖವಾಗಿಯೂ ಇತ್ತು. ಕೈ ಮರೆತಿರಲಿಲ್ಲ. ಹೆಂಗಸರು ತಮ್ಮ ಹಲಗೆ ಬಿಟ್ಟು ನನ್ನ ರೊಟ್ಟಿ ಎತ್ತಿ ಎತ್ತಿ ನೋಡಿದರು. ಹಿಟ್ಟು ಮುಗಿಯುವ ತನಕ ನಾನು ಏಳಲಿಲ್ಲ.

"ನೋಡ್ರಿ, ನಾ ಹೇಳಿದ್ದಿಲ್ಲ?" ಎಂದಳು ಅಕ್ಕ. ಹೆಮ್ಮೆಯಿಂದಲೇ ಎಂದಳು.

ಮರುದಿನ ಹಲ್ಲುಜ್ಜುವ ಬ್ರಷ್ ಎತ್ತಲಾಗಲಿಲ್ಲ. ಅದರ ಮರುದಿನ ಮಗ್ಗುಲಾಗಲೂ ಆಗಲಿಲ್ಲ. ಇದನ್ನು ಹೇಗೆ ಹೇಳಬೇಕೋ ಗೊತ್ತಿಲ್ಲ. ಕಾದ ಹಂಚನ್ನು ಮೈಯ ಒಳಗಡೆ ಇಟ್ಟಂತೆ ಇತ್ತು, ಹೊರಗಿನಿಂದ ಮುಟ್ಟಿದರೆ ತಣ್ಣಗೆ. ನನ್ನವರು ರಜೆ ಹಾಕಿ ನನ್ನ ತಲೆ ಬಾಚಿದರು, ಗಂಟು ಬಿಡಿಸಲು ಬಾರದೆ ಅರ್ಧ ಕೂದಲು ಕಿತ್ತರು. ಅಷ್ಟು ದಿನಗಳಲ್ಲಿ ಮೊದಲ ಸಲ ಅವರು ಆ ಕಾಯಿಲೆಯ ಹೆಸರನ್ನು ಪೂರ್ತಿ, ತಪ್ಪುತ್ತ ತಡವರಿಸುತ್ತ, ಫೋನಿನಲ್ಲಿ ತಮ್ಮ ಸಾಹೇಬರಿಗೆ ಹೇಳಿದ್ದು ಕೇಳಿಸಿತು.

ಅಕ್ಕ ಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ನೋಡಿದಳು. ಅವಳ ಬಾಯಿಂದ ಬಂದ ಮಾತು ಇದು: "ನಿನಗ ಯಾರ್ ಅಷ್ಟು ಬಡಿ ಅಂದ್ರು?"

ಕುಬಸದ ದಿನ ಬುತ್ತಿಯ ಗಂಟುಗಳೊಂದಿಗೆ ಗಾಡಿ ಶಿರೂರಿಗೆ ಹೋಯಿತು. ನಾನು ಬಡಿದ ರೊಟ್ಟಿ ಹೋಯಿತು, ನಾನು ಹೋಗಲಿಲ್ಲ. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ನಾನು, ಹಸಿರು ಸೀರೆಯಲ್ಲಿ ಅವಳನ್ನು ನೋಡಬೇಕೆಂದು ಎಷ್ಟು ಆಸೆಪಟ್ಟಿದ್ದೆ. ಮಧ್ಯಾಹ್ನ ಅವಳದೇ ಫೋನ್ ಬಂತು. ಪುಣೆಯಲ್ಲಿ ಬೆಳೆದ ಮಕ್ಕಳಂತೆ ಅವಳು ನನ್ನನ್ನು ಮೌಶಿ ಎನ್ನುತ್ತಾಳೆ. "ಮೌಶಿ, ಸಾಲ್ಯಾಗ ಒಂದ ದಿನ ರಜಾ ಕೊಡಲಿಲ್ಲೇನ? ಅವ್ವ ಹೇಳಿದ್ಳು. ನಂಗ ಭಾಳ ಬ್ಯಾಸರಾತು ನೋಡು."

ರಜಾ ಸಿಗಲಿಲ್ಲ ಎಂದು ಅಕ್ಕ ಹೇಳಿದ್ದಾಳೆ. ಹಾಸಿಗೆಯಲ್ಲಿ ನಾನು ಬಿದ್ದಿರುವುದನ್ನು ಕಣ್ಣಾರೆ ಕಂಡು ಹೋದವಳು ಬೀಗರ ಮನೆಯಲ್ಲಿ ಹಾಗೆ ಹೇಳಿದ್ದಾಳೆ. ಬೆಪ್ಪಾಗಿ "ಹೂಂ ಅವ್ವಿ" ಎಂದೆ. ಅವಳು ಮುನಿಸಿನಲ್ಲೇ ಫೋನ್ ಇಟ್ಟಳು.

ಮತ್ತೆ ಆ ಕೋಣೆಗೆ ಹೋಗುವಷ್ಟು ಶಕ್ತಿ ಬರಲು ಬಹಳ ದಿನ ಹಿಡಿಯಿತು. ನನ್ನವರು ರಿಕ್ಷಾದಲ್ಲಿ ಕರೆದೊಯ್ದರು. ನಡೆದದ್ದನ್ನು ಕೇಳಿದ ಡಾಕ್ಟರ್ ಬಾಯಿಯ ಮುಖ ಸಣ್ಣದಾಯಿತು. ಅಕ್ಕ ಅವಳನ್ನು ಕೇಳಿದ್ದು ನಿಜ. ತಂಗಿ ಭಾಕರಿ ಮಾಡಬಹುದೇ ಎಂದು ಕೇಳಿದ್ದಳು. ಮರಾಠಿ ಹುಡುಗಿ ತನ್ನ ಮನೆಯ ಲೆಕ್ಕದಲ್ಲಿ, ಗಂಡ ಹೆಂಡತಿಯ ಊಟಕ್ಕೆ ಬೇಕಾಗುವಷ್ಟು ಎಂದುಕೊಂಡು, ಮಾಡಲಿ, ಒಳ್ಳೆಯದೇ ಎಂದಿದ್ದಳು. ಕುಬಸದ ಬುತ್ತಿಯ ರೊಟ್ಟಿ ಎಂದರೆ ಮಂಚ ತುಂಬುವಷ್ಟು ಎಂಬುದು ಅವಳಿಗೆ ಗೊತ್ತಾಗುವುದಾದರೂ ಹೇಗೆ? ಗೊತ್ತಿದ್ದದ್ದು ಕೇಳಿದ ಅಕ್ಕನಿಗೆ. ಯಾವ ಮಾತು ಕೇಳಿದರೆ ಹೌದು ಎಂಬ ಉತ್ತರ ಬರುತ್ತದೋ ಅಷ್ಟನ್ನೇ ಕೇಳಿ ಬಂದಿದ್ದಳು.

ಹುಡುಗಿ ನನ್ನನ್ನು ಗೋಡೆಯ ಬಳಿ ನಿಲ್ಲಿಸಿದಳು. ಹಿಮ್ಮಡಿ ಎತ್ತು, ಇಳಿಸು. ಮೊದಲ ದಿನ ನಗು ಬಂದಿದ್ದ ಜಾಗಕ್ಕೇ ಬಂದು ನಿಂತಿದ್ದೆ. ಈ ಸಲ ಅಳು ಬಂತು.

ಅಕ್ಕ ಮನೆಗೆ ಬಂದಾಗ ನಾನು ಸುತ್ತುಬಳಸು ಮಾತಾಡಲಿಲ್ಲ. "ನಾ ಮೈಗಳ್ಳಿ ಏನಕ್ಕ?" ಎಂದು ಕೇಳಿದೆ.

ನಾನು ಕೇಳಿಸಿಕೊಂಡದ್ದು ಅವಳಿಗೆ ಆಗ ತಿಳಿಯಿತು. ಶಿರೂರಿನಿಂದ ತಂದಿದ್ದ ಉಂಡೆಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಆಮೇಲೆ ಹೇಳಿದಳು: "ಅಲ್ಲಿ ಕುಂತಾಕಿ ಒಬ್ಬಾಕಿ ಬೀಗರಿಗೆ ಬಳಗಾಗಬೇಕು. ನಿನಗ ಹೆಸರು ತಿಳೀಲಾರದ ಬ್ಯಾನಿ ಅದ ಅಂತ ಹೇಳಿದ್ರ ಶಿರೂರಿಗೆ ನಮ್ಮಕಿಂತ ಮೊದಲ ಸುದ್ದಿ ಮುಟ್ತದ. ರಕ್ತದಾಗ ಬಂದದ್ದೇನೋ, ತಾಯಿ ಕಡಿಯಿಂದ ಬಂದದ್ದೇನೋ ಅಂತಾರ. ಬಸರಿ ಹುಡುಗಿ ಆಕಿ. ಮೈಗಳ್ಳಿ ಅಂದ್ರ ಅದು ನಿನ್ನೊಬ್ಬಾಕಿಗೆ ಮುಗೀತದ. ಬ್ಯಾನಿ ಅಂದ್ರ ಆಕಿಗೂ ಅಂಟ್ತದ."

"ರಿಪೋರ್ಟಿನಾಗ ರಕ್ತ ಛಲೋ ಅದ ಅಂತ ನೀನ ಹೇಳಿದಿ."

"ರಿಪೋರ್ಟ್ ನಂಬೂ ಮಂದಿ ಬ್ಯಾರೆ, ಬೀಗರು ಬ್ಯಾರೆ" ಎಂದಳು. "ಹೆರಿಗಿ ಆಗೂತನಾ ಸುಮ್ಮನಿರು. ನಿನ್ನ ಕಾಲ್ ಬೀಳ್ತೀನಿ."

ಅವಳು ನನ್ನನ್ನು ನಂಬದೇ ಇದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ. ನಂಬದವರು ಊರ ತುಂಬ ಇದ್ದಾರೆ. ಅವಳು ಪೂರ್ತಿ ನಂಬಿದ್ದಳು. ನನ್ನ ನೋವು ನಿಜ ಎಂದು ಗೊತ್ತಿದ್ದೇ, ಅದನ್ನು ಮುಚ್ಚಲು ನನ್ನ ಮಾನವನ್ನು ಮೇಲೆ ಹೊದಿಸಿದ್ದಳು. ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದಳು. ಉಂಡೆಗಳನ್ನು ನನ್ನವರು ತಿಂದರು.

ಮುಂದೆ ಅಕ್ಕನ ಮಗಳು ಹೆರಿಗೆಗೆ ನಿಗಡಿಗೆ ಬಂದಳು. ಬಂದ ವಾರದೊಳಗೆ ತಾಯಿಯನ್ನು ಕರೆದುಕೊಂಡು ನನ್ನನ್ನು ನೋಡಲು ಬಂದಳು. ಹೊಟ್ಟೆ ಹೊತ್ತು ಮೆಟ್ಟಿಲು ಹತ್ತಿ ಬಂದವಳನ್ನು ಕಂಡು ನನ್ನ ಸಿಟ್ಟೆಲ್ಲ ಕರಗಿತು. ಚಹಾ ಕುಡಿಯುತ್ತ ಅವಳು ಮತ್ತೆ ಅದೇ ಮಾತು ತೆಗೆದಳು. ರಜಾ ಕೊಡದ ಆ ಹೆಡ್‌ಮಾಸ್ತರರನ್ನು ಬೈದಳು. ಪಾಪ, ನಮ್ಮ ಹೆಡ್‌ಮಾಸ್ತರು ಆ ವಾರವಿಡೀ ನನ್ನ ಆರೋಗ್ಯ ವಿಚಾರಿಸಿ ಫೋನ್ ಮಾಡಿದ್ದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಹುಡುಗಿಯ ತುಂಬಿದ ಮೈ ನೋಡಿ, ಹೆರಿಗೆ ಆಗುವ ತನಕ ಇರಲಿ ಎಂದು ನಾನು "ಏನ್ ಮಾಡೂದವ್ವ, ಸಿಗಲಿಲ್ಲ" ಎಂದೆ. ನನ್ನ ಮೇಲಿನ ಸುಳ್ಳನ್ನು ನನ್ನ ಬಾಯಿಂದಲೇ ಹೇಳಿಸಿದಳು ಅಕ್ಕ.

ಅಷ್ಟಕ್ಕೇ ಮುಗಿದಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಹುಡುಗಿ, "ಮೌಶಿ, ನಿನ್ನ ರೊಟ್ಟಿ ನಮ್ಮ ಅತ್ತಿ ಬೆಳಕಿಗೆ ಹಿಡದು ಎಲ್ಲಾರಿಗೂ ತೋರಿಸಿದ್ರು" ಎಂದಳು. ಅಕ್ಕ ನಿರಾಳವಾಗಿ ಉಸಿರು ಬಿಟ್ಟು, ಖುಷಿಯಲ್ಲಿ ಮೈಮರೆತು, "ತೊಟ್ಟಲಿಗೆ ಹಾಕೂ ಕಾರ್ಯಕ್ಕೂ ಆಕಿನೇ ಬಡೀತಾಳ ತಗೋ" ಎಂದುಬಿಟ್ಟಳು.

ನಾನು ಕಪ್ಪು ಕೆಳಗಿಟ್ಟೆ. "ಇಲ್ಲ, ನಾ ಬಡಿಯಂಗಿಲ್ಲ" ಎಂದೆ. "ರಜಾದ ಮಾತು ಸುಳ್ಳವ್ವ. ಆ ರೊಟ್ಟಿ ಬಡದು ನಾ ಹಾಸಿಗಿ ಹಿಡದಿದ್ದೆ. ನಿಮ್ಮವ್ವ ಬಂದು ನೋಡಿ ಹೋಗ್ಯಾಳ. ನನಗ ಒಂದು ಬ್ಯಾನಿ ಅದ." ಹೆಸರು ಹೇಳಿದೆ. ನೋವು ಹೇಗಿರುತ್ತದೆ ಎಂಬುದನ್ನೂ, ಯಾವ ಪರೀಕ್ಷೆಯಲ್ಲೂ ಅದು ಕಾಣಿಸಲಿಲ್ಲ ಎಂಬುದನ್ನೂ ಹೇಳಿದೆ.

ಹುಡುಗಿ ನನ್ನ ಕೈ ಹಿಡಿಯುತ್ತಾಳೆ, ಎಲ್ಲಿ ನೋಯುತ್ತದೆ ಎಂದು ಕೇಳುತ್ತಾಳೆ ಎಂದು ನಾನು ಕಾದೆ. ಇಷ್ಟು ದಿನ ಕಾದದ್ದು ಅದಕ್ಕೇ ಎಂದು ಆ ಕ್ಷಣಕ್ಕೆ ತಿಳಿಯಿತು. ಹುಡುಗಿಯ ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು. ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಇದು ನಂಗೂ ಬರ್ತದೇನ ಮೌಶಿ?"

ಅಕ್ಕ ನನ್ನತ್ತ ತಿರುಗಿದಳು. ನಾ ಹೇಳಿದ್ದಿಲ್ಲ, ಎಂಬ ಅದೇ ನೋಟ, ಹೆಮ್ಮೆ ಮಾತ್ರ ಇರಲಿಲ್ಲ. ಅಕ್ಕ ಯಾವ ಮಾತಿಗೆ ಹೆದರಿದ್ದಳೋ ಅದು ನನ್ನ ಕಣ್ಣ ಮುಂದೆಯೇ ಬಂದಿತ್ತು. ಅದು ಬೀಗರ ಬಾಯಿಂದ ಬಂದಿರಲಿಲ್ಲ, ನಾನು ಎತ್ತಿ ಆಡಿಸಿದ ಹುಡುಗಿಯ ಬಾಯಿಂದ ಬಂದಿತ್ತು. ನನಗೆ ಮೈಯೆಲ್ಲ ಉರಿಯಿತು. ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳಬೇಕು ಅನಿಸಿತು. ಆದರೆ ಅವಳು ಕೇಳಿದ ದನಿ ನನಗೆ ಗೊತ್ತಿದ್ದ ದನಿ. ಲ್ಯಾಬಿನ ಕುರ್ಚಿಯಲ್ಲಿ ಕೂತು ನಾನು ದೇವರನ್ನು ಕೇಳಿದ್ದೂ ಹೀಗೇ ಹೆದರಿಕೊಂಡು.

"ಬರೂದಿಲ್ಲವ್ವ, ಬರ್ಲಿಕ್ಕಿಲ್ಲ" ಎಂದೆ. "ಡಾಕ್ಟರಿಗೂ ಪಕ್ಕಾ ಗೊತ್ತಿಲ್ಲ. ಒಂದ ವೇಳೆ ಬಂತಂದ್ರ ನನ್ನ ಹತ್ರ ಬಾ. ರಿಪೋರ್ಟ್ ತರಬ್ಯಾಡ."